ಹಳೇ ಸ್ಟೀರಿಯೋ ‘ಗುಂಯ್’ ಅಂದ್ರೆ

ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹಳೇ ಆಂಪ್ಲಿಫೈಯರ್ ಗುಂಯ್ ಅಂತಿದ್ರೆ, ಮೊದಲ ಅನುಮಾನ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಮೇಲೆ. ನಮ್ಮ ಕರೆಂಟ್ 50 ಹರ್ಟ್ಜ್. ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ಏರಿಳಿತ 100 ಹರ್ಟ್ಜ್ ಆಗುತ್ತೆ. ಅದನ್ನು ಸಮ ಮಾಡೋದೇ ಈ ಕೆಪಾಸಿಟರ್. ವರ್ಷ ಕಳೆದಂತೆ ಒಳಗಿನ ಎಲೆಕ್ಟ್ರೋಲೈಟ್ ಒಣಗುತ್ತೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧ. ಹಿರಿಯೂರು ಕಡೆ ಬಿಸಿಲು ಗೊತ್ತಲ್ಲ!

ಆದಿವಾಲದಲ್ಲಿ ನಮ್ಮಜ್ಜನ ಸೆಟ್ಟು ಇದೇ ಕಾರಣಕ್ಕೆ ಗುಜರಿಗೆ ಹೊರಟಿತ್ತು. ಕೆಪಾಸಿಟರ್ ಬದಲಿಸಿದ ಮೇಲೆ ಉಳೀತು.

ಹುಷಾರು, ಪ್ಲಗ್ ಕಿತ್ತರೂ ಚಾರ್ಜ್ ಉಳಿದಿರುತ್ತೆ. ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಮಲ್ಟಿಮೀಟರಲ್ಲಿ ನೋಡಿಯೇ ಕೈ ಹಾಕಿ. ಹೊಸದು ಅದೇ ಮೈಕ್ರೋಫ್ಯಾರಡ್ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು. ಪ್ಲಸ್ ಮೈನಸ್ ಅದಲುಬದಲಾದರೆ ಸಿಡಿಯಬಹುದು.

ಮತ್ತೆ ಆನ್ ಮಾಡುವಾಗ ಫೇಸ್ ವೈರಿಗೆ ಸೀರೀಸಲ್ಲಿ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ (ಎಲ್‌ಇಡಿ ನಡೆಯಲ್ಲ). ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರೀತಾನೇ ಇದ್ದರೆ ಎಲ್ಲೋ ಶಾರ್ಟ್, ತಕ್ಷಣ ಆಫ್ ಮಾಡಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದ್ರೆ ಅದು ಬೇರೆ ಕಾಯಿಲೆ, ಕಾಂಟ್ಯಾಕ್ಟ್ ಕ್ಲೀನರ್ ಸಾಕು.