ಸ್ಪರ್ಮ್ ವಾಶ್, ಸ್ವಿಮ್ ಅಪ್, ಪಿಕ್ಸಿ: ಐವಿಎಫ್ ಬಿಲ್‌ನಲ್ಲಿರುವ ಈ ಹೆಸರುಗಳ ಅರ್ಥವೇನು? ಯಾವುದು ಅಗತ್ಯ, ಯಾವುದು ಹೆಚ್ಚುವರಿ?

ನವದೆಹಲಿ: ವಾಯುವ್ಯ ದೆಹಲಿಯ ಪೀತಮ್‌ಪುರ ಇರಲಿ, ಬೆಂಗಳೂರಿನ ಜಯನಗರ ಇರಲಿ, ಫರ್ಟಿಲಿಟಿ ಕ್ಲಿನಿಕ್‌ಗಳ ಬೋರ್ಡ್‌ಗಳು ಈಗ ಅಪರೂಪವಲ್ಲ. ಮಕ್ಕಳಾಗಲಿಲ್ಲವೆಂದು ಅಲ್ಲಿಗೆ ಹೋಗುವ ದಂಪತಿಯ ಕೈಗೆ ಖರ್ಚಿನ ಪಟ್ಟಿಯೊಂದು ಬರುತ್ತದೆ. ಸ್ಪರ್ಮ್ ವಾಶ್, ಸ್ವಿಮ್ ಅಪ್, ಪಿಕ್ಸಿ, ಮ್ಯಾಕ್ಸ್, ಮೈಕ್ರೋಫ್ಲೂಯಿಡಿಕ್ ಚಿಪ್ ಎಂಬ ಹೆಸರುಗಳು ಅದರಲ್ಲಿರುತ್ತವೆ. ಇವುಗಳಲ್ಲಿ ಕೆಲವು ಇಲ್ಲದೆ ಚಿಕಿತ್ಸೆಯೇ ನಡೆಯುವುದಿಲ್ಲ. ಇನ್ನು ಕೆಲವಕ್ಕೆ ಕೊಡುವ ಹಣಕ್ಕೆ ತಕ್ಕ ಪುರಾವೆ ಇನ್ನೂ ಸಿಕ್ಕಿಲ್ಲ. ಈ ವ್ಯತ್ಯಾಸ ತಿಳಿದಿದ್ದರೆ ವೈದ್ಯರ ಬಳಿ ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲು ಪರೀಕ್ಷೆ

ಮಕ್ಕಳಾಗದಿದ್ದರೆ ಮೊದಲು ಹೆಣ್ಣಿನತ್ತ ಬೊಟ್ಟು ಮಾಡುವುದು ಇಂದಿಗೂ ಹಲವು ಮನೆಗಳಲ್ಲಿದೆ. ಆದರೆ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷರ ಕಡೆಯ ಕಾರಣವೂ ಇರುತ್ತದೆ. ಹೀಗಾಗಿ ವೀರ್ಯ ಪರೀಕ್ಷೆ ಆರಂಭದಲ್ಲೇ ಆಗಬೇಕು. 2ರಿಂದ 7 ದಿನಗಳ ಅಂತರ ಬಿಟ್ಟು ಮಾದರಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ.

2021ರಲ್ಲಿ ಬಂದ ಈ ಕೈಪಿಡಿಯ 6ನೇ ಆವೃತ್ತಿಯ ಪ್ರಕಾರ ಕನಿಷ್ಠ ಉಲ್ಲೇಖ ಮಟ್ಟಗಳು ಹೀಗಿವೆ: ವೀರ್ಯದ ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ. 42, ಸರಿಯಾದ ಆಕಾರದವು ಶೇ. 4. ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಗು ಆಗುವುದೇ ಇಲ್ಲ ಎಂದರ್ಥವಲ್ಲ. ನೂರರಲ್ಲಿ ನಾಲ್ಕು ವೀರ್ಯಾಣುಗಳ ಆಕಾರ ಸರಿಯಿದ್ದರೂ ಅದು ಸಹಜವೇ.

ತೊಳೆಯುವುದೇಕೆ?

ವೀರ್ಯದಲ್ಲಿ ವೀರ್ಯಾಣುಗಳಷ್ಟೇ ಇರುವುದಿಲ್ಲ. ದ್ರವ, ಸತ್ತ ಕಣಗಳು, ಬಿಳಿ ರಕ್ತಕಣಗಳು, ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವೂ ಇರುತ್ತವೆ. ಸಹಜ ಗರ್ಭಧಾರಣೆಯಲ್ಲಿ ಗರ್ಭಕಂಠದ ಲೋಳೆಯೇ ಇವನ್ನು ಸೋಸುತ್ತದೆ. ಐಯುಐ ಚಿಕಿತ್ಸೆಯಲ್ಲಿ ಸಣ್ಣ ಕೊಳವೆಯ ಮೂಲಕ ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದರಿಂದ ಆ ಜರಡಿ ತಪ್ಪಿಹೋಗುತ್ತದೆ. ತೊಳೆಯದ ವೀರ್ಯ ಒಳಹೋದರೆ ಗರ್ಭಕೋಶ ಹಿಂಡಿದಂತಾಗಿ ತೀವ್ರ ನೋವು ಬರಬಹುದು, ಸೋಂಕಿನ ಅಪಾಯವೂ ಇದೆ. ಆದ್ದರಿಂದ ಸ್ಪರ್ಮ್ ವಾಶ್ ಚಿಕಿತ್ಸೆಯ ಅಗತ್ಯ ಹಂತ.

ಎರಡು ಮುಖ್ಯ ವಿಧಾನಗಳು

ಸ್ವಿಮ್ ಅಪ್: ಹೆಸರೇ ಹೇಳುವಂತೆ ಇದು ಈಜುವ ಪರೀಕ್ಷೆ. ಮಾದರಿಯ ಮೇಲೆ ಪೋಷಕ ದ್ರವವನ್ನು ಹಾಕಿ, ಟ್ಯೂಬನ್ನು ವಾಲಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ಚುರುಕಾದ ವೀರ್ಯಾಣುಗಳು ತಾವಾಗಿಯೇ ಮೇಲೆ ಬರುತ್ತವೆ. ವೀರ್ಯಾಣುಗಳ ಸಂಖ್ಯೆ ಚೆನ್ನಾಗಿದ್ದವರಿಗೆ ಇದು ಸೂಕ್ತ.

ಡೆನ್ಸಿಟಿ ಗ್ರೇಡಿಯೆಂಟ್: ಟ್ಯೂಬ್‌ನಲ್ಲಿ ಬೇರೆ ಬೇರೆ ಸಾಂದ್ರತೆಯ ಎರಡು ಪದರ ಇರುತ್ತದೆ. ಅದರ ಮೇಲೆ ವೀರ್ಯ ಹಾಕಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಆರೋಗ್ಯಕರ ವೀರ್ಯಾಣುಗಳು ತಳ ಸೇರುತ್ತವೆ, ಸತ್ತವು ಮತ್ತು ಕಸ ಮೇಲೆಯೇ ಉಳಿಯುತ್ತವೆ. ಸಂಖ್ಯೆ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ.

ಹೆಚ್ಚುವರಿ ವಿಧಾನಗಳ ಕಥೆಯೇನು?

ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಡುವ ಇಕ್ಸಿ ವಿಧಾನದಿಂದ ಮೊದಲ ಗರ್ಭಧಾರಣೆಗಳಾದ ವರದಿ 1992ರಲ್ಲಿ ಬೆಲ್ಜಿಯಂನಿಂದ ಪ್ರಕಟವಾಯಿತು. ಅಲ್ಲಿಂದಾಚೆಗೆ ಸಾವಿರಾರು ವೀರ್ಯಾಣುಗಳ ಪೈಕಿ ಆ ಒಂದನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿತು.

ಪಿಕ್ಸಿಯಲ್ಲಿ ಹೈಲುರೋನಿಕ್ ಆಮ್ಲಕ್ಕೆ ಅಂಟುವ ಪಕ್ವ ವೀರ್ಯಾಣುವನ್ನು ಆರಿಸುತ್ತಾರೆ. ಮ್ಯಾಕ್ಸ್‌ನಲ್ಲಿ ಸಾಯುವ ಹಂತದ ವೀರ್ಯಾಣುಗಳನ್ನು ಸೂಕ್ಷ್ಮ ಅಯಸ್ಕಾಂತ ಕಣಗಳಿಂದ ಬೇರ್ಪಡಿಸುತ್ತಾರೆ. ಇಮ್ಸಿಯಲ್ಲಿ 6,000 ಪಟ್ಟು ಅಥವಾ ಅದಕ್ಕೂ ಹೆಚ್ಚು ದೊಡ್ಡದಾಗಿಸಿ ನೋಡುತ್ತಾರೆ. ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ ಸೆಂಟ್ರಿಫ್ಯೂಜ್ ಇಲ್ಲದೆ ಸೂಕ್ಷ್ಮ ನಾಳಗಳ ಮೂಲಕ ವೀರ್ಯಾಣು ಈಜಿ ಬರುವಂತೆ ಮಾಡುತ್ತಾರೆ.

ತರ್ಕ ಆಕರ್ಷಕವಾಗಿದೆ. ಆದರೆ ಬ್ರಿಟನ್‌ನಲ್ಲಿ 2,772 ದಂಪತಿಗಳ ಮೇಲೆ ನಡೆದು, 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಬೇರೆಯೇ ಹೇಳಿತು. ಪಿಕ್ಸಿ ಬಳಸಿದವರಲ್ಲಿ ಪೂರ್ಣಾವಧಿ ಜೀವಂತ ಜನನ ಶೇ. 27.4, ಸಾಮಾನ್ಯ ಇಕ್ಸಿಯಲ್ಲಿ ಶೇ. 25.2. ಸಂಖ್ಯಾಶಾಸ್ತ್ರದ ಪ್ರಕಾರ ಇದು ಗಣನೀಯ ವ್ಯತ್ಯಾಸವಲ್ಲ. ಗರ್ಭಪಾತ ಮಾತ್ರ ಪಿಕ್ಸಿ ಗುಂಪಿನಲ್ಲಿ ಕಡಿಮೆ ಇತ್ತು. ಹಾಗಾಗಿ ಎಲ್ಲರಿಗೂ ಇದು ಬೇಕೆನ್ನಲಾಗದು. ಪದೇ ಪದೇ ಗರ್ಭಪಾತ, ಡಿಎನ್‌ಎ ಹಾನಿಯಂತಹ ನಿರ್ದಿಷ್ಟ ಕಾರಣವಿದ್ದರೆ ವೈದ್ಯರೊಂದಿಗೆ ಚರ್ಚಿಸಬಹುದು.

ಲೇಬಲ್ ತಪ್ಪಿದರೆ ಏನಾಗುತ್ತದೆ?

ಎಷ್ಟೇ ಒಳ್ಳೆಯ ತಂತ್ರಜ್ಞಾನವಿದ್ದರೂ ಟ್ಯೂಬ್ ಮೇಲಿನ ಹೆಸರು ತಪ್ಪಿದರೆ ಎಲ್ಲವೂ ವ್ಯರ್ಥ. ದೆಹಲಿಯ ಖಾಸಗಿ ಆಸ್ಪತ್ರೆಯೊಂದರ ಚಿಕಿತ್ಸೆಯಿಂದ 2009ರಲ್ಲಿ ಅವಳಿ ಮಕ್ಕಳು ಹುಟ್ಟಿದ್ದವು. ಮಗುವಿನ ರಕ್ತದ ಗುಂಪು ಪೋಷಕರ ಗುಂಪಿಗೆ ಹೊಂದದಿದ್ದಾಗ ಅನುಮಾನ ಬಂತು. ಪತಿ ಆ ಮಕ್ಕಳ ಜೈವಿಕ ತಂದೆಯಲ್ಲ ಎಂಬುದು ಡಿಎನ್‌ಎ ಪರೀಕ್ಷೆಯಲ್ಲಿ ಬಯಲಾಯಿತು. 2023ರ ಜೂನ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಈ ಪ್ರಕರಣದಲ್ಲಿ 1.5 ಕೋಟಿ ರೂಪಾಯಿ ದಂಡ ವಿಧಿಸಿತು.

ಮಾದರಿ ಪಡೆಯುವಾಗ, ತೊಳೆಯುವಾಗ, ಬಳಸುವಾಗ ಪ್ರತಿ ಹಂತದಲ್ಲೂ ಇಬ್ಬರು ಸಿಬ್ಬಂದಿ ಹೆಸರು ತಾಳೆ ನೋಡುವ ಪದ್ಧತಿ ಇದೆಯೇ ಎಂದು ದಂಪತಿ ಕೇಳುವುದು ಇದೇ ಕಾರಣಕ್ಕೆ ಮುಖ್ಯ.

ಗಂಡು ಮಗುವಿನ ಆಯ್ಕೆ ಅಪರಾಧ

ವೀರ್ಯಾಣು ಆಯ್ಕೆ ಎಂದರೆ ಗಂಡೋ ಹೆಣ್ಣೋ ಎಂದು ಆರಿಸುವುದಲ್ಲ. ಮೇಲೆ ಹೇಳಿದ ಯಾವ ವಿಧಾನವೂ ಅದಕ್ಕಾಗಿ ಇಲ್ಲ. 2011ರ ಜನಗಣತಿಯಂತೆ ದೆಹಲಿಯಲ್ಲಿ 6 ವರ್ಷದೊಳಗಿನ 1,000 ಗಂಡು ಮಕ್ಕಳಿಗೆ 871 ಹೆಣ್ಣು ಮಕ್ಕಳಷ್ಟೇ ಇದ್ದರು, ಕರ್ನಾಟಕದಲ್ಲಿ 948. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಗೆ ನಂತರ ತಂದ ತಿದ್ದುಪಡಿ, ಗರ್ಭಧಾರಣೆಗೆ ಮುನ್ನ ಲಿಂಗ ಆಯ್ಕೆ ಮಾಡುವುದನ್ನೂ ನಿಷೇಧಿಸಿದೆ. 2021ರ ಎಆರ್‌ಟಿ ಕಾಯ್ದೆಯಡಿ ಇಂತಹ ಸೇವೆಯ ಜಾಹೀರಾತು ಕೊಟ್ಟರೂ 5ರಿಂದ 10 ವರ್ಷ ಜೈಲು, ಇಲ್ಲವೇ 10ರಿಂದ 25 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಬೀಳಬಹುದು.

ಕ್ಲಿನಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

* ಕ್ಲಿನಿಕ್ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿದೆಯೇ?
* ನಮ್ಮ ವರದಿಗೆ ಯಾವ ವಿಧಾನ ಸೂಕ್ತ, ಏಕೆ?
* ಹೆಚ್ಚುವರಿ ವಿಧಾನದಿಂದ ಮಗು ಹುಟ್ಟುವ ಸಾಧ್ಯತೆ ಎಷ್ಟು ಹೆಚ್ಚುತ್ತದೆ? ಅದಿಲ್ಲದಿದ್ದರೆ ಏನಾಗುತ್ತದೆ?
* ಅದರ ಖರ್ಚು ಪ್ರತ್ಯೇಕವೇ?
* ಮಾದರಿ ಅದಲು ಬದಲಾಗದಂತೆ ಏನು ವ್ಯವಸ್ಥೆ ಇದೆ?

ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಸಹಿ ಹಾಕುವ ಮುನ್ನ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು.