ಇಲಿಯ ಕತ್ತರಿ, ನಮ್ಮ ಗುಳಿಗೆ



ಮಿರಜದ ದವಾಖಾನೆಗಳ ಓಣಿಯಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, ಕನ್ನಡ ಕಿವಿಗೆ ಬೀಳುತ್ತದೆ. 1894ರಲ್ಲಿ ಡಾ. ವಾನ್ಲೆಸ್ ಅವರು ಇಲ್ಲಿ ಆಸ್ಪತ್ರೆ ತೆರೆದರು. ಅಥಣಿ, ಕಾಗವಾಡ, ಜತ್ತ ಕಡೆಯ ಮಂದಿ ಇಂದಿಗೂ ಜಡ್ಡಾದರೆ ಮಿರಜದ ಹಾದಿ ಹಿಡಿಯುತ್ತಾರೆ. ಚೀಟಿ ಮಾಡಿಸುವುದು ಮರಾಠಿಯಲ್ಲಿ, ನೋವು ತೋಡಿಕೊಳ್ಳುವುದು ಕನ್ನಡದಲ್ಲಿ. ಅಂಥವರಲ್ಲಿ ಒಬ್ಬರು, ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದ ಕಾಲದ ಗಿರಾಕಿ, ಔಷಧದ ಅಂಗಡಿಯ ಮುಂದೆ ಸಿಕ್ಕರು. ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು.

"ಬೀಪಿ ಗುಳಿಗಿ ಬಿಟ್ಟು ಹನ್ನೊಂದು ದಿನಾ ಆತ್ರಿ ಸಾಹೇಬ್ರ. ಇಲಿ ಮ್ಯಾಲೆ ಹೊಸಾ ಔಷಧ ಗೆದ್ದೈತಂತ ಪೇಪರದಾಗ ಬಂದೈತಿ. ಅದು ಬರೂತನಕಾ ಇದನ್ನ ಯಾಕ ನುಂಗೂದ್ರಿ?"

ಕೈಹಿಡಿದು ಡಾಕ್ಟರರ ಕಡೆ ಕರೆದುಕೊಂಡು ಹೋದೆ. ಮೇಲಿನ ಅಂಕಿ 190 ಬಂತು. ಡಾಕ್ಟರು ಬೈದದ್ದನ್ನು ಇಲ್ಲಿ ಹೇಳುವುದು ಬೇಡ.

ಆದರೆ ಒಂದು ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ಇಲಿಗೆ ಹಿಡಿದ ಔಷಧ ಮನುಷ್ಯನಿಗೂ ಹಿಡಿಯುತ್ತದೆಯೆ? ನಾನು ಮ್ಯಾಟ್ರಿಕ್ ಪಾಸಾದವನು, ಅಷ್ಟೆ. ನಮ್ಮ ಮೊಮ್ಮಗಳು ಜೀವಶಾಸ್ತ್ರ ಓದುತ್ತಾಳೆ. ಅವಳು ಪ್ರಯೋಗಶಾಲೆಗೆ ಸಾಮಾನು ಒದಗಿಸುವವರ ಯಾದಿಯಿಂದ ಒಂದು ಪುಟ್ಟ ಶೀಶೆಯ ವಿವರ ತೆಗೆದು ತೋರಿಸಿದಳು. ಹೆಸರು 'ರೀಕಾಂಬಿನಂಟ್ ಮೌಸ್ ರೆನಿನ್'. ಒಳಗಿರುವ ಮಾಲು ಹತ್ತು ಮೈಕ್ರೋಗ್ರಾಂ. ಒಂದು ಗ್ರಾಂ ಉಪ್ಪನ್ನು ಲಕ್ಷ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. ಕೆಳಗೆ ಒಂದು ಸಾಲು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ. "ಅಜ್ಜಾ, ನಿಮ್ಮ ಗೆಳೆಯರಿಗೆ ಉತ್ತರ ಇದರೊಳಗ ಐತಿ" ಎಂದಳು.

ರೆನಿನ್ ಎಂಬುದು ಒಂದು ಪ್ರೋಟಿಯೇಸ್. ಪ್ರೋಟೀನುಗಳನ್ನು ಕತ್ತರಿಸುವ ಪ್ರೋಟೀನುಗಳಿಗೆ ಈ ಹೆಸರು. ನಮಗೆ ಹೊಸದೇನಲ್ಲ. ಮಟನ್ ಬೇಗ ಬೇಯಲಿ ಎಂದು ಹಸಿ ಪಪ್ಪಾಯಿ ಹಾಕುತ್ತೇವಲ್ಲ, ಆ ಕಾಯಿಯ ಹಾಲಿನಲ್ಲಿರುವ ಪಪೇನ್ ಕೂಡ ಇದೇ ಜಾತಿಯದು. ಪಪೇನ್ ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ. ರೆನಿನ್ ಹಾಗಲ್ಲ, ಬಹಳ ಚೊಕ್ಕ ಕೆಲಸಗಾರ. ಒಂದೇ ಒಂದು ಸರವನ್ನು ಒಂದೇ ಜಾಗದಲ್ಲಿ ತುಂಡರಿಸುತ್ತದೆ. 1898ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಮೊಲದ ಮೂತ್ರಪಿಂಡದ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದ ಒತ್ತಡ ಏರಿತು. ಆ ಸಾರದಲ್ಲಿದ್ದ ವಸ್ತುವಿಗೆ ಅವರಿಟ್ಟ ಹೆಸರೇ ರೆನಿನ್.

ಕೆಲಸ ನಡೆಯುವ ರೀತಿ ಕೇಳಿರಿ. ಯಕೃತ್ತು ಆಂಜಿಯೋಟೆನ್ಸಿನೋಜನ್ ಎಂಬ ಉದ್ದನೆಯ ಪ್ರೋಟೀನ್ ಸರವನ್ನು ರಕ್ತಕ್ಕೆ ಬಿಡುತ್ತದೆ. ಒತ್ತಡ ಇಳಿದಾಗ ಮೂತ್ರಪಿಂಡ ರೆನಿನ್ ಕಳುಹಿಸುತ್ತದೆ. ರೆನಿನ್ ಆ ಸರದ ತುದಿಯಿಂದ ಹತ್ತು ಮಣಿಗಳ ತುಂಡನ್ನು ಕತ್ತರಿಸುತ್ತದೆ. ಮುಂದೆ ಏಸ್ ಎಂಬ ಎರಡನೆಯ ಕತ್ತರಿ, ಇದು ಶ್ವಾಸಕೋಶದಲ್ಲಿ ಹೆಚ್ಚು, ಇನ್ನೆರಡು ಮಣಿ ತೆಗೆದುಹಾಕುತ್ತದೆ. ಉಳಿದ ಎಂಟು ಮಣಿಯ ತುಂಡು ರಕ್ತನಾಳಗಳಿಗೆ ಹೋಗಿ ಅಂಟಿಕೊಂಡು ಅವನ್ನು ಬಿಗಿ ಮಾಡುತ್ತದೆ. ನಾಳ ಬಿಗಿಯಾದರೆ ಒತ್ತಡ ಏರಿತು.

ಈಗ ನಿಮ್ಮ ಮನೆಯ ಗುಳಿಗೆಯ ಪಟ್ಟಿ ತೆಗೆದು ನೋಡಿರಿ. ಎನಾಲಪ್ರಿಲ್, ರಾಮಿಪ್ರಿಲ್ ಎಂದು 'ಪ್ರಿಲ್' ಕೊನೆಗಿದ್ದರೆ ಅದು ಎರಡನೆಯ ಕತ್ತರಿಯನ್ನು ತಡೆಯುವ ಔಷಧ. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಎಂದು 'ಸಾರ್ಟಾನ್' ಇದ್ದರೆ ಎಂಟು ಮಣಿಯ ತುಂಡು ಅಂಟದಂತೆ ನೋಡಿಕೊಳ್ಳುತ್ತದೆ. ಮೊದಲನೆಯ ಕತ್ತರಿ ರೆನಿನ್ನನ್ನೇ ಹಿಡಿಯುವ ಗುಳಿಗೆ ಅಲಿಸ್ಕಿರೆನ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2007ರಲ್ಲಿ. ಕತ್ತರಿ ಸಿಕ್ಕಿ 109 ವರ್ಷಗಳ ಮೇಲೆ! ತಡವಾದುದಕ್ಕೆ ಕಾರಣಗಳು ಹಲವು, ಅದರಲ್ಲಿ ಒಂದು ನಮ್ಮ ಇಲಿಯ ಕಥೆಗೆ ಸೇರಿದ್ದು.

ಇಲಿಯ ಸರ ಬೇರೆ, ಮನುಷ್ಯನ ಸರ ಬೇರೆ. ರೆನಿನ್ ಕತ್ತರಿಸುವ ಜಾಗದಲ್ಲಿ ಹತ್ತನೆಯ ಮಣಿ ಇಬ್ಬರಲ್ಲೂ ಒಂದೇ, ಹನ್ನೊಂದನೆಯದು ಬೇರೆ. ಹೀಗಿರುವುದರಿಂದ ಮನುಷ್ಯನ ಕತ್ತರಿ ಇಲಿಯ ಸರದ ಮೇಲೆ ನಡೆಯುವುದಿಲ್ಲ, ಇಲಿಯ ಕತ್ತರಿ ಮನುಷ್ಯನ ಸರದ ಮೇಲೆ ಸರಿಯಾಗಿ ನಡೆಯುವುದಿಲ್ಲ. ಬ್ಯಾಂಕಿನ ಲಾಕರ್ ಇದ್ದವರಿಗೆ ಇದು ತಕ್ಷಣ ತಿಳಿದೀತು. ಗಿರಾಕಿಯ ಕೀಲಿಕೈ ಒಂದು, ಬ್ಯಾಂಕಿನದು ಒಂದು. ಒಂದೇ ತಂದರೆ ಬಾಗಿಲು ತೆರೆಯದು. ಜಪಾನಿನ ಸಂಶೋಧಕರು 1993ರಲ್ಲಿ ಇದನ್ನೇ ಕಂಡರು. ಮನುಷ್ಯನ ಕತ್ತರಿ, ಮನುಷ್ಯನ ಸರ ಎರಡನ್ನೂ ಹೊತ್ತ ಇಲಿಗಳಲ್ಲಿ ಮಾತ್ರ ಒತ್ತಡ ಏರಿತು. ಅದಕ್ಕೂ ಮೊದಲು, 1990ರಲ್ಲಿ, ಸಣ್ಣ ಇಲಿಯ ರೆನಿನ್ ವಂಶವಾಹಿಯನ್ನು ದೊಡ್ಡ ಇಲಿಗೆ ಸೇರಿಸಿದಾಗ ಆ ಪ್ರಾಣಿಗೆ ಭಾರಿ ರಕ್ತದೊತ್ತಡ ಬಂದಿತ್ತು. ಇಲಿ ಇಲಿಗೆ ಕೀಲಿಕೈ ಹೊಂದುತ್ತದೆ, ನೋಡಿರಿ. ಅಲಿಸ್ಕಿರೆನ್ ಕೂಡ ಮನುಷ್ಯನ ರೆನಿನ್ ಮೇಲೆ ಬಲವಾಗಿ, ದೊಡ್ಡ ಇಲಿಯದರ ಮೇಲೆ ಬಹಳ ಮಂದವಾಗಿ ಕೆಲಸ ಮಾಡುತ್ತಿತ್ತು. ಅದಕ್ಕಾಗಿ ಮಾರ್ಮೊಸೆಟ್ ಎಂಬ ಪುಟ್ಟ ಮಂಗಗಳ ಮೇಲೆ ಪರೀಕ್ಷಿಸಬೇಕಾಯಿತು.

ಆ ಶೀಶೆ ಬೇಕಾಗುವುದು ಇಲ್ಲಿಯೇ. ಹೊಸ ಔಷಧವನ್ನು ಇಲಿಗೆ ಕೊಡುವ ಮೊದಲು, ಅದು ಇಲಿಯ ಕತ್ತರಿಯನ್ನು ಹಿಡಿಯುತ್ತದೆಯೋ ಇಲ್ಲವೋ ಎಂದು ಗಾಜಿನ ಗುಣಿಯಲ್ಲೇ ನೋಡಿಕೊಳ್ಳುತ್ತಾರೆ. ಕತ್ತರಿಸಿದಾಗ ಬೆಳಗುವಂಥ ಒಂದು ಚಿಕ್ಕ ತುಂಡು ಹಾಕುತ್ತಾರೆ. ಬೆಳಕು ಬಂದರೆ ಕತ್ತರಿ ನಡೆಯಿತು, ಬರದಿದ್ದರೆ ಔಷಧ ತಡೆಯಿತು. ಅದೇ ಔಷಧವನ್ನು ಮನುಷ್ಯನ ರೆನಿನ್ ಜೊತೆಗೂ ಹೀಗೆಯೇ ನೋಡಿ ಎರಡನ್ನೂ ತಾಳೆ ಹಾಕುತ್ತಾರೆ.

ಇಷ್ಟಕ್ಕೆ ಹಿಂದೆ ಇಲಿಗಳನ್ನೇ ಕೊಯ್ಯಬೇಕಿತ್ತು. ಗಂಡು ಇಲಿಯ ದವಡೆಯ ಕೆಳಗಿನ ಜೊಲ್ಲಿನ ಗ್ರಂಥಿಯಲ್ಲಿ ರೆನಿನ್ ಹೇರಳ. ಈಗ ಇಲಿಯ ರೆನಿನ್ ವಂಶವಾಹಿಯ ನಕಲನ್ನು ಬೇರೆ ಕೋಶಗಳಿಗೆ ಸೇರಿಸಿ, ಆ ಕೋಶಗಳನ್ನು ಸಾಕುತ್ತಾರೆ. ರೀಕಾಂಬಿನಂಟ್ ಎಂದರೆ ಇದೇ, ಒಂದರ ಬರಹವನ್ನು ಇನ್ನೊಂದರ ಕೈಯಲ್ಲಿ ಓದಿಸುವುದು. ತಯಾರಾದ ಪ್ರೋಟೀನಿಗೆ ಹಿಸ್ಟಿಡಿನ್ ಮಣಿಗಳ ಬಾಲ ಕಟ್ಟಿರುತ್ತಾರೆ. ಬಾಲ ನಿಕ್ಕಲ್ ಲೋಹಕ್ಕೆ ಅಂಟುತ್ತದೆ, ಉಳಿದ ಕಸ ತೊಳೆದು ಹೋಗುತ್ತದೆ. ಹೀಗೆ ಸಿಕ್ಕ ರೆನಿನ್ ಇನ್ನೂ ಒರೆಯಲ್ಲಿರುವ ಕತ್ತರಿ. ಟ್ರಿಪ್ಸಿನ್ ಎಂಬ ಮತ್ತೊಂದು ಪ್ರೋಟಿಯೇಸ್ ಹಾಕಿ ಆ ಒರೆಯನ್ನು ಕತ್ತರಿಸಿ ತೆಗೆಯುತ್ತಾರೆ. ಕತ್ತರಿ ಬಿಚ್ಚಲು ಕತ್ತರಿ! ಆಮೇಲೆ ಗಡ್ಡೆಗಟ್ಟುವ ಚಳಿಯಲ್ಲಿ ಇಡಬೇಕು, ಪದೇ ಪದೇ ಕರಗಿಸಿದರೆ ಕೆಡುತ್ತದೆ.

ಇದನ್ನೆಲ್ಲ ಗಿರಾಕಿಗೆ ಲಾಕರಿನ ಲೆಕ್ಕದಲ್ಲೇ ಹೇಳಿದೆ. ಪೇಪರಿನ ಸುದ್ದಿ ಸುಳ್ಳಲ್ಲ, ಆದರೆ ಇಲಿಯ ಬಾಗಿಲು ತೆರೆದ ಕೀಲಿಕೈ ನಿಮ್ಮ ಬಾಗಿಲಿಗೆ ಕೂಡುತ್ತದೆ ಎಂದು ಅದರಲ್ಲಿ ಬರೆದಿರಲಿಲ್ಲವಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜ ಹೇಳಿದರು. "ಇಲಿ ಸುದ್ದಿ ನೆವಾ ಆತ್ರಿ. ಆ ಗುಳಿಗಿ ತಗೊಂಡ್ರ ರಾತ್ರಿ ಒಣಾ ಕೆಮ್ಮ ಬರ್ತಿತ್ತು."

ಪಟ್ಟಿ ತೆಗೆದು ನೋಡಿದೆ. ಹೆಸರಿನ ಕೊನೆಗೆ 'ಪ್ರಿಲ್' ಇತ್ತು. ಎರಡನೆಯ ಕತ್ತರಿಗೆ ಇನ್ನೊಂದು ಕೆಲಸವೂ ಇದೆ, ಬ್ರಾಡಿಕೈನಿನ್ ಎಂಬ ವಸ್ತುವನ್ನು ತುಂಡರಿಸುವುದು. ಕತ್ತರಿ ತಡೆದಾಗ ಅದು ಉಳಿದು ಕೆಲವರಿಗೆ ಕೆಮ್ಮು ತರಿಸುತ್ತದೆ. ಮತ್ತೆ ಡಾಕ್ಟರರ ಬಾಗಿಲಿಗೆ ಹೋಗಿ ಈ ಕೆಮ್ಮಿನ ಮಾತು ಹೇಳಿದೆವು. ಅವರು ಬೈಯಲಿಲ್ಲ, 'ಸಾರ್ಟಾನ್' ಬರೆದುಕೊಟ್ಟರು. ಕೆಮ್ಮು ನಿಂತಿದೆ. ಹೋದ ಬುಧವಾರ ಮೇಲಿನ ಅಂಕಿ 138 ಇತ್ತು.