ರಣಹದ್ದೂ ಕೋಲಾರ ಸೀಮೆಯ ದನಕರುಗಳೂ

ಕನ್ನಡದ ‘ಹದ್ದು’ ಎಂಬ ಶಬ್ದವು ಎರಡು ಬೇರೆ ಬೇರೆ ಜಾತಿಯ ಪಕ್ಷಿಗಳಿಗೆ ಸಲ್ಲುತ್ತದೆ. ಹಳಗನ್ನಡದ ‘ಪರ್ದು’, ತಮಿಳಿನ ‘ಪರುಂದು’ ಇದರ ಬಳಗದವು. ಇವುಗಳಿಂದ ಮುಖ್ಯವಾಗಿ ತಿಳಿಯಬರುವುದು ಕೋಳಿಮರಿಯ ಮೇಲೆರಗುವ ಹಕ್ಕಿ. ಸಂಸ್ಕೃತದ ‘ಗೃಧ್ರ’ವಾದರೋ ಹೆಚ್ಚಾಗಿ ಸತ್ತುದನ್ನು ತಿಂದು ಬಾಳುವಂಥದು, ರಾಮಾಯಣದ ಜಟಾಯು ಈ ಕುಲದವನು. ಇದನ್ನು ಬೇರ್ಪಡಿಸುವುದಕ್ಕೆ ಕನ್ನಡದಲ್ಲಿ ‘ರಣ’ವನ್ನು ಸೇರಿಸಬೇಕಾಯಿತು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಅನೇಕರ ಮನೆಮಾತಾದ ತೆಲುಗಿನಲ್ಲಿ ‘ರಾಬಂದು’ ಎಂಬ ಸ್ವತಂತ್ರ ಪದವೇ ಉಂಟು. ಹೆಸರುಗಳು ಉಳಿದಿವೆ, ಹಕ್ಕಿಯನ್ನು ಕಣ್ಣಾರೆ ಕಂಡ ತರುಣರು ವಿರಳ.

ಉದ್ದಕೊಕ್ಕಿನ ರಣಹದ್ದೂ ಅದರ ದಾಯಾದಿಯಾದ ಸಪೂರಕೊಕ್ಕಿನದೂ ಭಾರತದಲ್ಲಿ ೧೯೯೨ರಿಂದ ೨೦೦೭ರೊಳಗೆ ನೂರಕ್ಕೆ ೯೭ರಷ್ಟು ನಶಿಸಿದುವು. ಬೇಡನ ಬಾಣವಾಗಲಿ ಕಾಡಿನ ನಾಶವಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ. ಪಾಕಿಸ್ತಾನದಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಸಂಶೋಧನೆಯಿಂದ ನಿಜವು ಹೊರಬಿದ್ದಿತು. ನೋವು, ಬಾವುಗಳಿಗೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಮದ್ದು, ದನವು ಬೇಗನೆ ಸತ್ತರೆ ಅದರ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನುಂಡ ಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಒಡಲೊಳಗೆ ಸುಣ್ಣದಂತೆ ಗಟ್ಟಿಗಟ್ಟಿ, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಒಂದು ಹೆಣದ ಸುತ್ತ ಹತ್ತಾರು ಹದ್ದುಗಳು ನೆರೆಯುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಸಂತತಿಯು ಕುಸಿಯುವುದೆಂದು ಗಣಿತದಿಂದ ತೋರಿಸಲಾಗಿದೆ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಪಕ್ಷಿಗೆ ಈ ನಷ್ಟವನ್ನು ತುಂಬಿಕೊಳ್ಳುವುದು ಹೇಗೆ ಸಾಧ್ಯ?

ಕರ್ನಾಟಕ ಸರ್ಕಾರವು ೨೦೧೨ರಲ್ಲಿ ರಾಮನಗರದ ರಾಮದೇವರ ಬೆಟ್ಟದ ಸುಮಾರು ೩೪೬ ಹೆಕ್ಟೇರ್ ನೆಲವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ಕುರುಚಲು ಕಾಡಿನ ನಡುವಣ ಆ ಬಂಡೆಗಳ ಕೋಡುಗಳೇ ಉದ್ದಕೊಕ್ಕಿನ ಹದ್ದಿನ ಗೂಡು. ಆದರೆ ಗೂಡಿಗೆ ಎಲ್ಲೆ ಹಾಕಬಹುದು, ಊಟಕ್ಕೆ ಹಾಕಲಾಗದು. ಬಿಸಿಗಾಳಿಯ ಮೇಲೇರಿ ದೂರದೂರ ತೇಲುವ ಈ ಪಕ್ಷಿಗಾಗಿ, ಗೂಡಿನ ಸುತ್ತ ನೂರು ಕಿಲೋಮೀಟರಿನ ಪ್ರದೇಶವಾದರೂ ವಿಷಮುಕ್ತವಾಗಿರಬೇಕೆಂಬುದು ತಜ್ಞರ ಮತ. ರಾಮನಗರದಿಂದ ಹಾಗೆ ವೃತ್ತವನ್ನೆಳೆದರೆ ಮಾಲೂರು ಒಳಗೆ ಬೀಳುತ್ತದೆ, ಕೋಲಾರ ಪಟ್ಟಣವು ಸರಿಸುಮಾರು ಅಂಚಿನಲ್ಲಿದೆ. ಮುಳಬಾಗಿಲು, ಶ್ರೀನಿವಾಸಪುರಗಳು ಸ್ವಲ್ಪ ಆಚೆಗೆ. ಚಿನ್ನದ ಗಣಿ ೨೦೦೧ರಲ್ಲಿ ಮುಚ್ಚಿದ ಈ ಸೀಮೆಯಲ್ಲಿ ಹಾಲೂ ರೇಷ್ಮೆಯೂ ಒಕ್ಕಲಿಗನ ದೊಡ್ಡ ಆಸರೆ. ಆದಕಾರಣ ಇಲ್ಲಿಯ ಕೊಟ್ಟಿಗೆಯಲ್ಲಿ ಯಾವ ಸೂಜಿಮದ್ದು ಚುಚ್ಚುತ್ತಾರೆಂಬುದು ಬೆಟ್ಟದ ಬೇಲಿಗಿಂತ ಮುಖ್ಯವಾದ ಪ್ರಶ್ನೆ.

ಡೈಕ್ಲೋಫಿನಾಕನ್ನು ಪಶುಚಿಕಿತ್ಸೆಯಲ್ಲಿ ೨೦೦೬ರಲ್ಲೇ ನಿಷೇಧಿಸಲಾಯಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ನುಸುಳಿದುವು. ೨೦೧೫ರಲ್ಲಿ ಸೀಸೆಯ ಅಳತೆಯನ್ನು ೩ ಮಿಲಿಲೀಟರಿಗೆ ಇಳಿಸಿದರು. ಅಷ್ಟೇ ಅಪಾಯಕಾರಿಯಾದ ಕೀಟೋಪ್ರೊಫೆನ್, ಅಸೆಕ್ಲೋಫಿನಾಕ್‌ಗಳಿಗೆ ೨೦೨೩ರಲ್ಲಿ ತಡೆ ಬಿದ್ದಿತು. ಕಾನೂನು ಹೀಗೆ ಸದಾ ಮದ್ದಿನ ಹಿಂದೆಯೇ ಓಡುತ್ತ ಬಂದಿದೆ. ಮೆಲಾಕ್ಸಿಕಾಂ ಎಂಬ ಔಷಧವು ದನದ ನೋವನ್ನೂ ಕಳೆಯುತ್ತದೆ, ಹದ್ದಿಗೂ ಹಾನಿ ಮಾಡದೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಪಶುವೈದ್ಯರು ಅದನ್ನು ಬರೆದುಕೊಡುವುದಕ್ಕೂ ಅಂಗಡಿಯವರು ಅದನ್ನೇ ಕೊಡುವುದಕ್ಕೂ ಅಡ್ಡಿಯೇನೂ ಇಲ್ಲ.